ಒಂದು ಗೀಟು, ಒಂದು ಸೊನ್ನೆ, ಒಂದು ಚುಕ್ಕೆ

“ಈ ಸರ್ಕ್ಯೂಟ್ ಹಾಕಿದ್ರೆ ನಿಮ್ಮ ಗಡಿಯಾರ ನಡೆಯಲ್ಲ, ಸತ್ತೋಗುತ್ತೆ.”

ಎಮ್ನಾ ತಲೆಯೆತ್ತಿದಳು. ಎರಡು ವಾರ ಕೂತು ಅಳಿಸಿ ಅಳಿಸಿ ಬರೆದ ಚಿತ್ರವದು. ಅದನ್ನು ಮೇಜಿನ ಆಚೆ ಬದಿಯಿಂದ ತಲೆಕೆಳಗಾಗಿಯೇ ಓದಿ, ಯಾರೋ ಅಪರಿಚಿತ ತೀರ್ಪು ಕೊಟ್ಟುಬಿಟ್ಟಿದ್ದ.

“ನಿಮ್ಮನ್ನ ಯಾರಾದ್ರೂ ಕೇಳಿದ್ರಾ?”

“ಇಲ್ಲ. ಪಾಪ, ಗಡಿಯಾರಕ್ಕೆ ಬಾಯಿಲ್ವಲ್ಲ ಅಂತ ನಾನೇ ಹೇಳ್ದೆ.”

ಸುತ್ತಲಿದ್ದವರು ಕಿಸಕ್ಕೆಂದರು. ಎಮ್ನಾಳಿಗೆ ಮೈ ಉರಿಯಿತು. ಆದರೆ ಅವನ ಕಣ್ಣಲ್ಲಿ ಕುಹಕವಿರಲಿಲ್ಲ... ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಟುನೀಶಿಯಾದ ನಮ್ಮ ಸ್ಫಾಕ್ಸ್ ಊರಿನ ಯುವಜನ ಭವನದ ಹಿಂದಿನ ಕೋಣೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಈ ಕೂಟ ಸೇರುತ್ತದೆ. ನಿವೃತ್ತ ಮೇಷ್ಟ್ರು ಮೊನ್ಸೆಫ್ ಅದರ ಯಜಮಾನರು. ಬೆಸುಗೆ ಹಾಕುವ ಚಟವಿರುವ ಹತ್ತೆಂಟು ಜನ, ಒಂದು ಕೆಟಲ್ ಪುದೀನ ಚಹಾ, ಮಿಕ್ಕಿದ್ದೆಲ್ಲ ಬರೀ ವಾದ. ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ಎಮ್ನಾ ಅಲ್ಲಿಗೆ ಬಂದದ್ದು ಒಂದೇ ಕಾರಣಕ್ಕೆ.

ಅವಳ ಅಪ್ಪ ರೈಲ್ವೆಯಲ್ಲಿದ್ದವರು. ಬೇಡವೆಂದು ಬಿಸಾಡಿದ ಪ್ಲಾಟ್‌ಫಾರ್ಮ್ ಗಡಿಯಾರವೊಂದನ್ನು ಮನೆಗೆ ಹೊತ್ತು ತಂದು ಅಡುಗೆಮನೆ ಗೋಡೆಗೆ ಹಾಕಿದ್ದರು. ಅದಕ್ಕೆ ಕೀಲಿಯಿಲ್ಲ, ಸೆಲ್ ಇಲ್ಲ. ಹೊರಗಿನಿಂದ ನಿಮಿಷಕ್ಕೊಮ್ಮೆ ಕರೆಂಟಿನ ಒಂದು ಏಟು ಬಿದ್ದರೆ ಮಾತ್ರ ಮುಳ್ಳು ಒಂದು ಹೆಜ್ಜೆ ಇಡುತ್ತದೆ. ‘ಇವತ್ತಲ್ಲ ನಾಳೆ ಓಡಿಸ್ತೀನಿ ಕಣೇ’ ಎನ್ನುತ್ತಲೇ ಅಪ್ಪ ಹೋಗಿಬಿಟ್ಟರು. ಅಮ್ಮ ಝೊಹ್ರಾ ಈಗಲೂ ದಿನಾ ಅದರ ಗಾಜು ಒರೆಸುತ್ತಾಳೆ. ಒಂದು ಸಲವಾದರೂ ಆ ಗಡಿಯಾರ ಅಮ್ಮನ ಕಣ್ಣೆದುರು ಓಡಬೇಕು. ಎಮ್ನಾಳಿಗೆ ಬೇಕಿದ್ದದ್ದು ಅಷ್ಟೆ.

“ನೀವು ಇಪ್ಪತ್ನಾಲ್ಕು ವೋಲ್ಟ್ ನೇರವಾಗಿ ಕೊಡ್ತಿದೀರಿ,” ಆತ ಕುರ್ಚಿ ಎಳೆದುಕೊಂಡ. “ಮುಳ್ಳು ತಳ್ಳೋ ಆ ಹಳೇ ತಂತಿಸುರುಳಿ, ಕಾಯಿಲ್, ಎಷ್ಟು ತಡೆಯುತ್ತೋ ಯಾರಿಗೆ ಗೊತ್ತು? ಏಟಿನ ಜೋರು ಹೆಚ್ಚು ಕಮ್ಮಿ ಮಾಡೋಕೆ ಒಂದು ತಿರುಪು ಇಡಿ. ಮೂರು ವೋಲ್ಟಿಂದ ಶುರು ಮಾಡಿ. ಮುಳ್ಳು ಎಲ್ಲಿ ಅಲ್ಲಾಡುತ್ತೋ ಅಲ್ಲಿಗೆ ನಿಲ್ಸಿ.”

‘ಸರಿಯಾಗೇ ಹೇಳ್ತಿದಾನಲ್ಲ...’

ಅವನ ಹೆಸರು ವಜೀಹ್. ತಾಯಿ ನಮ್ಮೂರಿನವಳೇ, ತಂದೆ ಈಜಿಪ್ಟಿನವರು. ಬೆಳೆದದ್ದು, ಓದಿದ್ದು ಎಲ್ಲ ಅಲ್ಲೇ. ತಂದೆ ತೀರಿಕೊಂಡ ಮೇಲೆ ತಾಯಿಯೊಂದಿಗೆ ಇಲ್ಲಿಗೆ ಬಂದು ನಾಲ್ಕು ತಿಂಗಳಾಗಿತ್ತು. ಟೀವಿ ರಿಪೇರಿ ಅಂಗಡಿಯಲ್ಲಿ ಕೆಲಸ. ಬಾಯಿ ಬಿಟ್ಟರೆ ಸಾಕು, ಕೂಟದವರು ಅವನ ಈಜಿಪ್ಟ್ ರಾಗವನ್ನು ಅಣಕಿಸುತ್ತಿದ್ದರು. ಅವನೂ ನಗುತ್ತಿದ್ದ. ಆ ನಗುವಿನ ಒಳಗೇನಿದೆ ಎಂದು ಯಾರೂ ವಿಚಾರಿಸಿರಲಿಲ್ಲ.

ಶನಿವಾರಗಳು ಉರುಳಿದವು. ಇಬ್ಬರೂ ಸೇರಿ ಬೋರ್ಡಿಗೆ ಎರಡು ತಿರುಪು ಕೂರಿಸಿದರು: ಒಂದು ಏಟಿನ ಜೋರಿಗೆ, ಇನ್ನೊಂದು ಏಟುಗಳ ನಡುವಿನ ಹೊತ್ತಿಗೆ. ಬೋರ್ಡಿನ ಪುಟ್ಟ ದೀಪ ಹೇಳಿದ ಹಾಗೆ ಮಿನುಗಿದ ದಿನ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಇನ್ನೊಂದು ದಿನ ಅವಳು ಅಮ್ಮ ಕರಿದ ಬ್ರಿಕ್, ನಮ್ಮ ಕಡೆಯ ಮೊಟ್ಟೆ ತುಂಬಿದ ತಿಂಡಿ, ತಂದಳು. ಕಚ್ಚಿದ ಕೂಡಲೇ ಒಳಗಿನ ಮೊಟ್ಟೆ ಅವನ ಅಂಗಿಯ ಮೇಲೆಲ್ಲ ಸುರಿಯಿತು.

“ಸ್ಫಾಕ್ಸಿನವನಾಗೋಕೆ ಇನ್ನೂ ಟೈಮ್ ಬೇಕು ನಿಮಗೆ.”

“ಕಲಿಸೋರು ಇದ್ರೆ ಬೇಗ ಆಗ್ತೀನಿ.”

ಮರುವಾರ ಅವನು ಅಮ್ಮನಿಗೆಂದು ಈಜಿಪ್ಟಿನ ದಾಸವಾಳದ ಚಹಾದ ಡಬ್ಬಿ ಕೊಟ್ಟ. ಎಮ್ನಾ ಅದನ್ನು ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದಳು.

‘ವಾರಕ್ಕೆ ಒಂದೇ ಶನಿವಾರ ಯಾಕೆ...’

ಬೋರ್ಡು ಸಿದ್ಧವಾದ ಶನಿವಾರ ಅವಳನ್ನು ಬಸ್ ಹತ್ತಿಸುವಾಗ ಅವನಿಗೆ ತಟ್ಟನೆ ನೆನಪಾಯಿತು.

“ಅಯ್ಯೋ, ಒಂದು ಬಿಟ್ಟೋಯ್ತು. ಕಾಯಿಲ್‌ಗಿಂತ ಮುಂಚೆ ಒಂದು ರೆಸಿಸ್ಟರ್ ಹಾಕ್ಲೇಬೇಕು. ಕೈತಪ್ಪಿ ತಿರುಪು ಪೂರ್ತಿ ತಿರುಗಿದ್ರೂ ಅದು ಕರೆಂಟನ್ನ ತಡೆದು ಕಾಯಿಲನ್ನ ಉಳಿಸುತ್ತೆ.”

ಬಸ್ಸು ಹೊರಟೇಬಿಟ್ಟಿತು. ಹಳೆ ಟಿಕೆಟ್ಟಿನ ಹಿಂದೆ ಅದರ ತಡೆ ಎಷ್ಟು ಓಮ್ ಇರಬೇಕೆಂದು ಗೀಚಿ, ಓಡುತ್ತಲೇ ಕಿಟಕಿಯೊಳಗೆ ತುರುಕಿದ.

ಒಂದು ಗೀಟು, ಒಂದು ಸೊನ್ನೆ, ಕೊನೆಗೊಂದು ಚುಕ್ಕೆ. ಅಂದರೆ ಹತ್ತು. ಎಮ್ನಾ ಹತ್ತು ಓಮಿನದ್ದನ್ನೇ ಕೊಂಡು ಬೆಸುಗೆ ಹಾಕಿದಳು.

ಭಾನುವಾರ ಬೆಳಿಗ್ಗೆ ಅಮ್ಮನನ್ನು ಗಡಿಯಾರದ ಎದುರು ಕೂರಿಸಿದಳು. ಮೆಲ್ಲಗೆ ತಿರುಪು ತಿರುಗಿಸಿದಳು. ಮುಳ್ಳು ನಡುಗಿತು... ಇನ್ನೊಂಚೂರು... ಟಕ್. ಒಂದು ಹೆಜ್ಜೆ.

ಅಮ್ಮ ಸೆರಗಿನಂತೆ ತಲೆಬಟ್ಟೆಯ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಎಮ್ನಾ ಖುಷಿಯಲ್ಲಿ ಅಮ್ಮನ ಕಡೆ ತಿರುಗಿದಳು. ಬೆರಳು ಜಾರಿ ತಿರುಪು ಕೊನೆಯವರೆಗೂ ಹೋಯಿತು. ಗಾಜಿನ ಹಿಂದಿನಿಂದ ಸಣ್ಣಗೆ ಹೊಗೆ ಎದ್ದಿತು.

“ಹೋಗ್ಲಿ ಬಿಡೇ,” ಎಂದಳು ಅಮ್ಮ. “ಒಂದು ಹೆಜ್ಜೆ ಇಡ್ತಲ್ಲ.”

ಎಮ್ನಾ ಗಡಿಯಾರವನ್ನು ಗೋಡೆಯಿಂದ ಇಳಿಸಿ ಕಾಯಿಲನ್ನು ಬಿಚ್ಚಿ ತೆಗೆದಳು.

ಮುಂದಿನ ಶನಿವಾರ ಅವಳು ಸುಟ್ಟ ಕಾಯಿಲನ್ನು ಎಲ್ಲರೆದುರು ಮೇಜಿನ ಮೇಲೆ ಎಸೆದಳು.

“ನಿಮ್ಮ ಲೆಕ್ಕದ ಚೆಂದ ನೋಡಿ.”

ವಜೀಹ್ ಬಿಳಿಚಿಕೊಂಡ. “ಬೋರ್ಡ್ ತಂದಿದೀರಾ? ಒಂದ್ಸಲ ತೋರ್ಸಿ.”

“ನೋಡೋಕೇನಿದೆ? ಮಾತು ಮೂಟೆಗಟ್ಲೆ, ವಿದ್ಯೆ ಸೊನ್ನೆ. ನಿಮ್ಮೂರಲ್ಲಿ ಕಲ್ಸೋದು ಇದನ್ನೇನಾ?”

ಅಣಕಿಸುತ್ತಿದ್ದವರು ಕೂಡ ಅಂದು ನಗಲಿಲ್ಲ. ಅವನು “ತಪ್ಪಾಯ್ತು” ಎಂದಷ್ಟೇ ಹೇಳಿ, ಕಾಯಿಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟುಹೋದ.

ಹತ್ತು ದಿನ ಕಳೆದವು. ಒಂದು ಸಂಜೆ ಅಮ್ಮ, “ಆ ಹುಡುಗ ಕೊಟ್ಟ ಚಹಾ ಮಾಡೇ” ಎಂದಳು. ಎಮ್ನಾ ಮುಖ ಸಿಂಡರಿಸಿಕೊಂಡೇ ಡಬ್ಬಿ ಇಳಿಸಿದಳು. ಅದರ ಮೇಲೆ 500 ಗ್ರಾಂ ಎಂದಿತ್ತು. ಪಕ್ಕದಲ್ಲೇ ಅದೇ ತೂಕ ಈಜಿಪ್ಟಿನವರ ಅಂಕಿಯಲ್ಲಿ: ಒಂದು ಸೊನ್ನೆ, ಎರಡು ಚುಕ್ಕೆ.

ಅವಳ ಕೈ ನಿಂತಿತು.

ನಮ್ಮಲ್ಲಿ ಅಕ್ಷರ ಅರಬ್ಬಿಯಾದರೂ ಅಂಕಿ ಮಾತ್ರ 1, 2, 3. ಅವರ ಅಂಕಿಗಳೇ ಬೇರೆ. ಅವರ ಐದು ನಮ್ಮ ಸೊನ್ನೆಯ ಹಾಗೆ ದುಂಡಗೆ. ಅವರ ಸೊನ್ನೆ ಬರೀ ಚುಕ್ಕೆ.

ಎಮ್ನಾ ಪರ್ಸಿನಿಂದ ಟಿಕೆಟ್ ತೆಗೆದಳು. ಗೀಟು, ಸೊನ್ನೆ, ಚುಕ್ಕೆ. ಹತ್ತಲ್ಲ... ನೂರೈವತ್ತು! ಕೂಟದಲ್ಲಿ ಎಚ್ಚರದಿಂದ ನಮ್ಮ ಅಂಕಿಯನ್ನೇ ಬರೆಯುತ್ತಿದ್ದವನಿಗೆ ಓಡುವ ಆತುರದಲ್ಲಿ ತನ್ನೂರಿನ ಕೈ ಬಂದುಬಿಟ್ಟಿತ್ತು.

‘ಲೆಕ್ಕ ಸರಿಯಿತ್ತು. ಸೊನ್ನೆ ನಾನು...’

ಅವಳು ಒಲೆಯ ಪಕ್ಕ ನೆಲದಲ್ಲೇ ಕೂತಳು. ತಾನು ಆಡಿದ ಮಾತು ಒಂದೊಂದೂ ತಿರುಗಿ ಬಂದು ಚುಚ್ಚಿತು. ಟಿಕೆಟ್ಟನ್ನು ಒಲೆಗೆ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುಚ್ಚಿಡುವುದೇಕೆ, ಅವಳು ಎರಡು ಸಲ ಉರಿಯವರೆಗೂ ಕೈ ಚಾಚಿದಳು. ಆ ಶನಿವಾರ ತಲೆನೋವೆಂದು ಮಲಗಿದಳು. ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಸೊನ್ನೆ ಬರೆಯಬೇಕಾದಾಗಲೆಲ್ಲ ಮುಖ ಬಿಸಿಯಾಗುತ್ತಿತ್ತು.

ಅದರ ಮುಂದಿನ ಶನಿವಾರ ಹೋದಳು. ಅವನಿರಲಿಲ್ಲ. ಮೇಜಿನ ಮೇಲೆ ಅವನ ಬೆಸುಗೆ ಕಡ್ಡಿ ಮಾತ್ರ ಇತ್ತು.

“ಕೂಟಕ್ಕೇ ಇಟ್ಕೊಳ್ಳಿ ಅಂತ ಕೊಟ್ಟೋದ,” ಎಂದರು ಮೊನ್ಸೆಫ್ ಮೇಷ್ಟ್ರು. “ನನ್ನ ಲೆಕ್ಕ ತಪ್ಪಿ ಒಬ್ಬರ ಅಪ್ಪನ ಗುರುತು ಸುಟ್ಟೋಯ್ತು, ಇನ್ನು ಈ ಹುಚ್ಚು ಸಾಕು ಅಂದ.”

ಯಾರೆದುರು ಅವಮಾನ ಮಾಡಿದ್ದಳೋ ಅವರೆಲ್ಲ ಅಲ್ಲೇ ಇದ್ದರು. ಎಮ್ನಾ ಟಿಕೆಟ್ಟನ್ನು ಮೇಜಿನ ಮೇಲಿಟ್ಟಳು.

“ತಪ್ಪು ಅವರದ್ದಲ್ಲ ಮೇಷ್ಟ್ರೇ. ನನ್ನದು. ಅವರು ನೂರೈವತ್ತು ಬರೆದಿದ್ರು, ನಾನು ಹತ್ತು ಅಂತ ಓದ್ದೆ. ಗೊತ್ತಾಗಿ ಹನ್ನೊಂದು ದಿನ ಆಯ್ತು... ಹೇಳೋಕೆ ನಾಚಿಕೆಯಾಗಿ ಬಚ್ಚಿಟ್ಕೊಂಡಿದ್ದೆ.”

ಟಿಕೆಟ್ ಕೈಯಿಂದ ಕೈಗೆ ಹೋಯಿತು. ಅಣಕಿಸುತ್ತಿದ್ದವರೆಲ್ಲ ತಲೆ ತಗ್ಗಿಸಿದರು. ಮೇಷ್ಟ್ರು ಟಿಕೆಟ್ಟನ್ನೂ ಬೆಸುಗೆ ಕಡ್ಡಿಯನ್ನೂ ಅವಳ ಕೈಗಿತ್ತರು.

“ಇದನ್ನ ಹೇಳ್ಬೇಕಾದ್ದು ನಮಗಲ್ಲಮ್ಮ. ಅವನ ಅಂಗಡಿ ಎರಡು ಬೀದಿ ಆಚೆಗಿದೆ.”

ವಜೀಹ್ ಒಂದು ಟೀವಿಯ ಬೆನ್ನು ಬಿಚ್ಚಿಕೊಂಡು ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ಎಮ್ನಾ ಚೀಲದಿಂದ ಬೋರ್ಡು, ಟಿಕೆಟ್ಟು, ಬೆಸುಗೆ ಕಡ್ಡಿ ತೆಗೆದು ಅವನ ಮುಂದಿಟ್ಟಳು. ಅವನ ಕಣ್ಣು ರೆಸಿಸ್ಟರಿನ ಬಣ್ಣದ ಪಟ್ಟಿಗಳ ಮೇಲೆ ನಿಂತಿತು.

“ಕಂದು, ಕಪ್ಪು, ಕಪ್ಪು... ಇದು ಹತ್ತು.”

“ನೀವು ಬರೆದಿದ್ದು ನೂರೈವತ್ತು. ನಿಮ್ಮ ಐದನ್ನ ನಾನು ಸೊನ್ನೆ ಮಾಡ್ದೆ. ನಿಮ್ಮನ್ನೂ.” ಅವಳ ಕಣ್ಣು ತುಂಬಿತು. “ಎಲ್ಲರೆದುರು ಬೈದೆ. ಈಗ ಎಲ್ಲರೆದುರೇ ನಿಜ ಹೇಳಿ ಬಂದೆ. ನಿಮ್ಮ ಮುಖ ನೋಡೋಕೆ ನಾಚಿಕೆ ಆಗ್ತಿದೆ.”

ಅವನು ಟಿಕೆಟ್ಟನ್ನು ಎತ್ತಿ ನೋಡಿ ಕೆಳಗಿಟ್ಟ.

“ಮೂರು ವಾರದಿಂದ ಆ ಲೆಕ್ಕ ಮಾಡ್ತಾನೇ ಇದೀನಿ,” ಎಂದ. “ಪ್ರತಿ ಸಲ ಸರಿ ಬರ್ತಿತ್ತು. ಆದ್ರೂ ತಪ್ಪು ನಂದೇ ಅನ್ಕೊಂಡೆ.”

“ಯಾಕೆ?”

“ಹೇಳಿದ್ದು ನೀವಲ್ವಾ? ಲೆಕ್ಕಕ್ಕಿಂತ ನಿಮ್ಮನ್ನ ಜಾಸ್ತಿ ನಂಬ್ದೆ.”

ಎಮ್ನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವನು ಮೇಜಿನ ಖಾನೆ ಎಳೆದು ಕರವಸ್ತ್ರದ ಗಂಟೊಂದನ್ನು ಬಿಚ್ಚಿದ. ಒಳಗೆ ಅದೇ ಕಾಯಿಲ್. ಸುಟ್ಟ ತಂತಿ ತೆಗೆದು ಹೊಸದಾಗಿ ಕೂದಲೆಳೆಯ ತಾಮ್ರ ಸುತ್ತಿದ್ದ.

“ಕೈಯಲ್ಲೇ ಸುತ್ತಿದ್ದು. ಎಣಿಕೆ ತಪ್ಪಿ ಮೂರು ಸಲ ಬಿಚ್ಚಿದೆ. ಮೇಷ್ಟ್ರ ಕೈಲಿ ಕಳಿಸೋಣ ಅಂತಿದ್ದೆ.”

“ನೀವೇ ತಂದು ಹಾಕಿ. ಅಮ್ಮ ದಿನಾ ಕೇಳ್ತಾಳೆ ನಿಮ್ಮನ್ನ.”

“ಬರೀ ಅಮ್ಮನಾ?”

ಅವಳು ಕಣ್ಣೊರೆಸಿಕೊಂಡಳು. ಅವನು ಹತ್ತಿರ ಬಂದು ಮೆಲ್ಲಗೆ ಹೇಳಿದ, “ನಾಳೆ ನನ್ನಮ್ಮನ್ನೂ ಕರ್ಕೊಂಡು ಬರ್ತೀನಿ.”

“ಕಾಯಿಲ್ ಹಾಕೋಕೆ ಅಮ್ಮ ಯಾಕೆ?”

“ಕಾಯಿಲ್‌ಗೆ ನಾನೊಬ್ಬನೇ ಸಾಕು. ಅಮ್ಮ ಬರೋದು ದೊಡ್ಡೋರ ಮಾತಿಗೆ.”

ಎಮ್ನಾ ತೊದಲುತ್ತ, “ಎಷ್ಟ್... ಎಷ್ಟು ಗಂಟೆಗೆ?” ಎಂದಳು.

ವಜೀಹ್ ಮೇಜಿನ ಮೇಲಿದ್ದ ಟಿಕೆಟ್ಟನ್ನು ತೆಗೆದುಕೊಂಡು, ನೂರೈವತ್ತರ ಕೆಳಗೆ ದುಂಡಗೆ ಒಂದೇ ಒಂದು ಅಂಕಿ ಬರೆದು ಅವಳ ಮುಂದೆ ಹಿಡಿದ.

“ಓದಿ. ಇಷ್ಟ ಇಲ್ಲಾಂದ್ರೆ ಸೊನ್ನೆ ಅಂತ ಓದ್ಬಿಡಿ, ನಾವು ಬರಲ್ಲ.”

ಅವಳು ಆ ದುಂಡನೆಯ ಗೆರೆಯ ಮೇಲೆ ಬೆರಳಾಡಿಸಿದಳು.

“ಐದು,” ಎಂದಳು. “ಐದು ಗಂಟೆಗೆ. ಕಾಯ್ತಿರ್ತೀನಿ.”