ಏಳನೇ ಹಾಡಿನ ನಾಲ್ಕು ಸೆಕೆಂಡು

"ಇದು ನಾನಲ್ಲ!"

ಗಾಯಕಿ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿದಳು. ಪಕ್ಕದಲ್ಲಿ ಕೂತಿದ್ದ ಸ್ಟುಡಿಯೋ ಎಂಜಿನಿಯರು ಬೆಚ್ಚಿಬಿದ್ದು ಹಾಡು ನಿಲ್ಲಿಸಿದರು. ಇಪ್ಪತ್ತೆಂಟು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತು ಗುಂಡಿ ಒತ್ತುತ್ತ ಬಂದಿದ್ದರಿಂದ ಅವರಿಗೆ ಗುಂಡಿಮಾಮ ಎಂದೇ ಹೆಸರು.

"ನೀನಲ್ದೆ ಇನ್ಯಾರಮ್ಮ? ನಾನಾ?"

"ಏಳನೇ ಹಾಡು. ಮೂರು ನಿಮಿಷ ಹನ್ನೊಂದನೇ ಸೆಕೆಂಡು. ಅಲ್ಲಿಂದ ನಾಲ್ಕು ಸೆಕೆಂಡು. ತುದಿಯ ಆ ಸ್ವರ — ಅದು ನನ್ನದಲ್ಲ ಮಾಮ!"

"ನೆಗಡಿ ಕಿವಿಗೂ ಏರಿದೆ ನಿಂಗೆ. ಬಿಸಿನೀರು ಕುಡಿ."

ಗಡಿಯಾರದಲ್ಲಿ ಹನ್ನೊಂದು ಗಂಟೆ. ಸಂಜೆ ನಾಲ್ಕಕ್ಕೆ ಆಲ್ಬಮ್ ಅಚ್ಚಿಗೆ ಹೋಗಬೇಕು. ಹನ್ನೆರಡು ಹಾಡು — ಆರು ಒಪೆರಾ, ಆರು ಸಿನಿಮಾ. ಒಂದೂವರೆ ವರ್ಷದ ಕೆಲಸ. 'ಒಪೆರಾನ ಜನ ಒಪ್ಪರಾ?' ಎಂದು ಗುಂಡಿಮಾಮ ಮೊದಲ ದಿನವೇ ಚಟಾಕಿ ಹಾರಿಸಿದ್ದರು. ಅವರ ಮಾತು ಅರ್ಧ ನಿಜವಾಗಿತ್ತು. ಒಪೆರಾದವರು ಇವಳನ್ನು ಸಿನಿಮಾದವಳು ಎಂದರು. ಸಿನಿಮಾದವರು ಇವಳು ಹಾಡೋದಿಲ್ಲ, ಕಿರಿಚ್ತಾಳೆ ಎಂದರು. ಎರಡೂ ಕಡೆಯವರ ಬಾಯಿ ಮುಚ್ಚಿಸಲು ಗಾಯಕಿ ಆಲ್ಬಮ್ಮಿನ ಹೊದಿಕೆಯ ಬೆನ್ನಿಗೆ ತಾನೇ ಒಂದು ಸಾಲು ಬರೆದಿದ್ದಳು: 'ಇದರಲ್ಲಿರುವ ಪ್ರತಿಯೊಂದು ಸ್ವರವೂ ನನ್ನದೇ.'

ಈಗ ಆ ಸಾಲು ಅವಳನ್ನೇ ನೋಡಿ ಹಲ್ಲು ಕಿರಿಯುತ್ತಿತ್ತು.

ಎರಡು ತಿಂಗಳ ಹಿಂದೆ ಆ ಸ್ವರವನ್ನು ಹನ್ನೊಂದು ಸಲ ಹಾಡಿದ್ದಳು. ದನಿ ಯಾಕೋ ಒಡೆಯುತ್ತಿತ್ತು. ನೆಗಡಿ ಎಂದುಕೊಂಡಳು. 'ಒಂದು ಚೆನ್ನಾಗಿ ಬಂದಿದೆ, ಮನೆಗೆ ಹೋಗಿ ಮಲಕ್ಕೋ' ಎಂದು ಗುಂಡಿಮಾಮ ಕಳಿಸಿದ್ದರು. ಅದನ್ನು ಪೂರ್ತಿ ಕೇಳಿದ್ದು ಇವತ್ತೇ. ಸ್ವರ ಒಡೆದಿರಲಿಲ್ಲ. ತೊಳೆದ ಗಾಜಿನ ಹಾಗಿತ್ತು. ಅದಕ್ಕೇ ಅವಳಿಗೆ ಭಯವಾಯಿತು.

ಅವಳು ಒಬ್ಬ ಪತ್ತೇದಾರನಿಗೆ ಫೋನ್ ಮಾಡಿದಳು.

"ಹಲೋ, ನಾನು —"

"ಹಲೋ, ನಾನು —" ಅತ್ತ ಕಡೆಯಿಂದ ಅವಳದೇ ದನಿ. ಅದೇ ಎಳೆತ, ಅದೇ ಮೂಗು ಕಟ್ಟಿದ ಸದ್ದು. "ಕ್ಷಮಿಸಿ ತಾಯಿ, ಹಳೇ ಚಟ. ಹೇಳಿ, ಯಾರಿಗೆ ಏನಾಯ್ತು?"

ಆತ ಒಂದು ಕಾಲದಲ್ಲಿ ವೇದಿಕೆ ಮೇಲೆ ಮಿಮಿಕ್ರಿ ಮಾಡುತ್ತಿದ್ದವನು. ಆಗ ಜನ 'ದನಿಗಳ್ಳ' ಎನ್ನುತ್ತಿದ್ದರು. ಈಗ ಬೆದರಿಕೆ ಕರೆ, ಸುಳ್ಳು ಕರೆಗಳ ಹಿಂದಿನ ದನಿ ಯಾರದೆಂದು ಪತ್ತೆ ಹಚ್ಚುವುದೇ ಕಸುಬು. ಅರ್ಧ ಗಂಟೆಯಲ್ಲಿ ಬಂದ. ಬಾಡಿಗೆಗೆ ಖಾಲಿ ಬಿಟ್ಟ ಮನೆಯಂಥ ಮುಖ. ಯಾರು ಬೇಕಾದರೂ ಬಂದು ಇರಬಹುದು.

ಮೊದಲು ಗುಂಡಿಮಾಮನ ಸರದಿ.

"ಈ ಕೋಣೆಯ ಬೀಗದ ಕೈ?"

"ನನ್ನ ಹತ್ರ ಒಂದು. ಇವಳ ಅಕ್ಕನ ಹತ್ರ ಒಂದು. ಕಾರ್ಯಕ್ರಮ, ಪ್ರಯಾಣ, ಡಾಕ್ಟರು, ದರ್ಜಿ — ಇವಳದ್ದೆಲ್ಲ ಆಯಮ್ಮನೇ ನೋಡ್ಕೊಳ್ಳೋದು."

"ಹಾಡಿನ ನಡುವೆ ಬೇರೆಯವರ ದನಿ ಕೂರಿಸಬಹುದಾ?"

"ಕೂರಿಸಬಹುದು, ನಿಲ್ಲಿಸಬಹುದು, ಮಲಗಿಸಬಹುದು."

"ನೀವು ಕೂರಿಸಿದ್ರಾ?"

"ನಾನು ಹೇಳಿದ ಕೆಲಸ ಮಾಡೋನು ಸ್ವಾಮಿ."

"ಯಾರು ಹೇಳಿದ ಕೆಲಸ?"

ಗುಂಡಿಮಾಮ ಕನ್ನಡಕ ತೆಗೆದು ಒರೆಸತೊಡಗಿದರು. ಕನ್ನಡಕ ಮೊದಲೇ ಶುಭ್ರವಾಗಿತ್ತು.

"ಗುಂಡಿ ಒತ್ತೋರಿಗೂ ಒಂದು ಗುಂಡಿ ಇರತ್ತೆ," ಎಂದ ಪತ್ತೇದಾರ. "ಅದನ್ನ ಒತ್ತಿದೋರು ಯಾರು ಅಂತ ನೋಡೋಣ."

ಎರಡನೆಯವರು ಭಾಷೆಯ ಮೇಡಂ. ಇಟಾಲಿಯನ್ ಪದಗಳನ್ನು ಹೇಗೆ ಉಚ್ಚರಿಸಬೇಕೆಂದು ಗಾಯಕಿಗೆ ಹೇಳಿಕೊಟ್ಟವರು. ಕಲಿಸುವಾಗ ಎಷ್ಟು ಎತ್ತರದ ಸ್ವರವನ್ನಾದರೂ ತಾವೇ ಹಾಡಿ ತೋರಿಸುತ್ತಿದ್ದರು. ಗಾಯಕಿಯ ಅನುಮಾನವೆಲ್ಲ ಇವರ ಮೇಲೇ.

"ಆ ಸ್ವರ ನೀವು ಹಾಡಬಲ್ಲಿರಾ?"

"ನಿದ್ದೇಲಿ ಹಾಡ್ತೀನಿ."

"ಹಾಡಿದ್ರಾ?"

"ನಾನು ಹಾಡಿದ್ರೆ ನನ್ನ ಹೆಸರು ಹಾಕಿಸ್ಕೋತಿದ್ದೆ! ಇಲ್ಲಿ ಶಿಸ್ತು ಅನ್ನೋದೇ ಇಲ್ಲ. ಬಾಗಿಲ ಮೇಲಿನ ಹಾಡುಗಳ ಪಟ್ಟಿ ನೋಡಿದ್ರಾ? ಅಕ್ಷರ ತಪ್ಪು! ಅದೇ ಪಟ್ಟಿ ಹಾಗ್ಹಾಗೇ ಅಚ್ಚಿಗೂ ಹೋಗಿದೆ. ನಾನು ಅಚ್ಚಿನವರಿಗೆ ಫೋನ್ ಮಾಡಿ ತಿದ್ದಿ ಅಂದಿದ್ದೀನಿ."

ಪತ್ತೇದಾರ ತಲೆಯಾಡಿಸಿದ. ಯಾರೂ ಆ ಮಾತಿಗೆ ಕಿವಿಗೊಡಲಿಲ್ಲ. ಮೇಡಂ ದಿನಕ್ಕೆ ಹತ್ತು ತಪ್ಪು ಹಿಡಿಯುವವರು.

ಅಷ್ಟರಲ್ಲಿ ಬಿಸಿನೀರಿನ ಫ್ಲಾಸ್ಕ್ ಹಿಡಿದು ಅಕ್ಕ ಬಂದಳು. "ಪುಟ್ಟಿ, ಕುಡಿ," ಎಂದಳು. ಹೇಳಿದ್ದು ಕೇಳಿಸಬೇಕಾದರೆ ಅವಳ ತುಟಿಯ ಹತ್ತಿರ ಹೋಗಬೇಕು. ಹದಿನೆಂಟು ವರ್ಷದ ಹಿಂದೆ ಗಂಟಲಲ್ಲಿ ಗಂಟೊಂದು ಬಂದಿತ್ತು. ಆಪರೇಷನ್ ಆಯಿತು. ಗಂಟೂ ಹೋಯಿತು, ದನಿಯೂ ಹೋಯಿತು. ಉಳಿದದ್ದು ಬರೀ ಉಸಿರು. 'ನಂದು ಗಾಳಿಮಾತು, ಯಾರೂ ನಂಬಬೇಡಿ' ಎಂದು ಅವಳೇ ನಗುತ್ತಿದ್ದಳು. ಅದಕ್ಕೂ ಮುಂಚೆ ಮನೆಗೆ ಫೋನ್ ಮಾಡಿದವರಿಗೆ ಮಾತಾಡುತ್ತಿರುವುದು ಅಕ್ಕನೋ ತಂಗಿಯೋ ಗೊತ್ತಾಗುತ್ತಿರಲಿಲ್ಲ. ಆ ಮನೆಯಲ್ಲಿ ಒಪೆರಾ ಎಂಬ ಹುಚ್ಚು ಹಚ್ಚಿದ್ದೂ ಅಕ್ಕನೇ. ರೇಡಿಯೋಗೆ ಕಿವಿ ಹಚ್ಚಿ ತಾನು ಕಲಿತು, ತಂಗಿಗೆ ಕಲಿಸಿದ್ದಳು. ಇದನ್ನೆಲ್ಲ ಗಾಯಕಿಯೇ ಪತ್ತೇದಾರನಿಗೆ ಹೇಳಿದಳು.

"ನಿಮ್ಮನ್ನೇನೂ ಕೇಳಲ್ಲಮ್ಮ. ಗಂಟಲಿಗೆ ತ್ರಾಸ," ಎಂದ ಪತ್ತೇದಾರ. ಅಕ್ಕ ಮೂಲೆಯ ಸ್ಟೂಲಿನ ಮೇಲೆ ಕೂತಳು.

ಆಮೇಲೆ ಆತ ಆ ನಾಲ್ಕು ಸೆಕೆಂಡು ಕೇಳಿದ. ಮತ್ತೆ ಕೇಳಿದ. ಮೂವತ್ತು ಸಲ ಕೇಳಿದ. 'ಸ್ತೆಲ್ಲಾ' — ನಕ್ಷತ್ರ ಎಂದರ್ಥ. ಹಾಡಿಗೆ ಅದೇ ಹೆಸರು, ಹಾಡಿನ ತುದಿಗೂ ಅದೇ ಪದ. ಕೊನೆಗೆ ಎದ್ದುನಿಂತು, ಕಣ್ಣು ಮುಚ್ಚಿ, ಗಂಡಸರು ಹೆಣ್ಣುದನಿ ತೆಗೆಯುವಾಗ ಬರುತ್ತದಲ್ಲ, ಆ ಕಳ್ಳದನಿಯಲ್ಲಿ ತಾನೇ ಹಾಡಿದ.

ಗಾಯಕಿಯ ಮೈ ಜುಮ್ಮೆಂದಿತು. ಅದೇ ಸ್ವರ!

ಪತ್ತೇದಾರ ಮಾತ್ರ ಬಾಯಿ ತೆರೆದು, ಬೆರಳಿನಿಂದ ಅಂಗುಳ ಮುಟ್ಟಿಕೊಂಡ. ಹಲ್ಲುನೋವು ಬಂದವನ ಹಾಗೆ.

"ಏನಾಯ್ತು ಸರ್?"

"ನಾಲಿಗೆ ತಿರುಗಿಕೊಳ್ತು."

"ಅಂದ್ರೆ?"

"ಅದೇ ಗೊತ್ತಾಗ್ತಿಲ್ಲ. ಮೇಡಂ, ಆ ಪದ ಹೇಳಿ?"

"ಸ್ತೆಲ್ಲಾ."

"ನೀವು ಮಾಮ?"

"ಸ್ಟೆಲ್ಲ, ಗಿಲ್ಲ, ಏನೋ ಒಂದು."

"ನೀವು ತಾಯಿ?" ಎಂದು ಗಾಯಕಿಯ ಕಡೆ ತಿರುಗಿದ.

"ಸ್ತೆಲ್ಲಾ."

ಪತ್ತೇದಾರ ಹೊರಗೆ ಹೋಗಿ ಬಾಗಿಲ ಮುಂದೆ ನಿಂತ. ಅಲ್ಲಿ ಅಂಟಿಸಿದ್ದ ಪಟ್ಟಿ ಒಂದೂವರೆ ವರ್ಷದಿಂದ ಎಲ್ಲರ ಕಣ್ಣೆದುರೇ ಇತ್ತು. ದುಂಡನೆಯ ಅಕ್ಷರ. ಗಾಯಕಿಗೆ ಬಾಲ್ಯದಿಂದ ಪರಿಚಯದ ಅಕ್ಷರ. '೬. ಬೀದಿಯ ದೀಪ. ೭. ಸ್ತೆಳ್ಳಾ. ೮. ಯಾರಿಗಾಗಿ ಕಾಯಲಿ.' ಆತ ಅಲ್ಲೇ ಐದು ನಿಮಿಷ ನಿಂತ. ಒಳಗೆ ಬಂದಾಗ ಆ ಖಾಲಿ ಮನೆಯಂಥ ಮುಖದಲ್ಲಿ ಯಾರೋ ಬಂದು ದೀಪ ಹಚ್ಚಿ, ಕೂಡಲೇ ಆರಿಸಿದ ಹಾಗಿತ್ತು.

"ಕಳ್ಳ ಸಿಕ್ಕಿದನಾ?" ಎಂದಳು ಗಾಯಕಿ.

"ಸಿಕ್ಕಿದ್ದಾರೆ. ಗೌರವ ಕೊಟ್ಟು ಮಾತಾಡಬೇಕಾದ ಕಳ್ಳರು."

"ಯಾರು?"

"ಒಂದು ನಿಮಿಷ. ನಮ್ಮಲ್ಲಿ ಕಲೆ ಬೇರೆ, ಕಳೆ ಬೇರೆ. ಕೊಲೆ ಬೇರೆ, ಕೊಳೆ ಬೇರೆ. ಲ ಹೇಳೋವಾಗ ನಾಲಿಗೆ ಹಲ್ಲಿನ ಹಿಂದೆ ನಿಲ್ಲತ್ತೆ. ಳ ಹೇಳೋವಾಗ ಹಿಂದಕ್ಕೆ ಮಡಚಿ ಅಂಗುಳ ಮುಟ್ಟತ್ತೆ. ಮೇಡಂ, ಇಟಾಲಿಯನ್ನರಿಗೆ ಎರಡು ಲ ಇದೆಯಾ?"

"ಒಂದೇ. ಹಲ್ಲಿನ ಹಿಂದಿನದು. ಳ ಅವರಿಗೆ ಗೊತ್ತೇ ಇಲ್ಲ."

"ಅಲ್ಲೇ ಇರೋದು ಸಂಗತಿ. ಕೇಳ್ತಾ ಇದ್ದಾಗ ನನಗೂ ತಿಳೀಲಿಲ್ಲ. ಅಷ್ಟು ಎತ್ತರದ ಸ್ವರದಲ್ಲಿ ಅಕ್ಷರವನ್ನ ಯಾರು ಗಮನಿಸ್ತಾರೆ? ಆದ್ರೆ ಅದನ್ನ ಹಾಡಿ ನೋಡಿದಾಗ ನನ್ನ ನಾಲಿಗೆ ತಾನಾಗೇ ಮಡಚಿಕೊಳ್ತು. ಕಿವಿಗೆ ಮೋಸ ಮಾಡಬಹುದು ತಾಯಿ, ನಾಲಿಗೆಗೆ ಆಗಲ್ಲ. ಆ ನಾಲ್ಕು ಸೆಕೆಂಡಿನಲ್ಲಿ ಇರೋದು ಸ್ತೆಲ್ಲಾ ಅಲ್ಲ — ಸ್ತೆಳ್ಳಾ!"

ಮೇಡಂ ತುಟಿಯಲ್ಲೇ ಎರಡನ್ನೂ ಹೇಳಿ ನೋಡಿದರು.

"ನೀವು ಮೇಡಂ ಹತ್ರ ಕಲಿತೋರು. ನಿಮ್ಮ ಬಾಯಲ್ಲಿ ಳ ಬರಲ್ಲ. ಮೇಡಂ ಬಾಯಲ್ಲಂತೂ ಸತ್ತರೂ ಬರಲ್ಲ. ಹಾಗೆ ಹಾಡೋರು ಯಾರು? ಮೇಷ್ಟ್ರಿಲ್ಲದೆ, ರೇಡಿಯೋ ಮುಂದೆ ಕೂತು, ಕೇಳಿದ್ದನ್ನ ನಮ್ಮ ಅಕ್ಷರದಲ್ಲಿ ಬರ್ಕೊಂಡು ಕಲಿತೋರು. ಒಂದು ಸಲ ಳ ಅಂತ ಬರೆದ ಮೇಲೆ ಜೀವಮಾನವಿಡೀ ಳ ಅಂತಲೇ ಬರೆಯೋರು. ಮೇಡಂ ಬೆಳಗ್ಗೆನೇ ಹೇಳಿದ್ರು — ಪಟ್ಟೀಲಿ ಅಕ್ಷರ ತಪ್ಪಿದೆ ಅಂತ. ಕಳ್ಳರು ಸಿಕ್ಕಿದ್ದೇ ಕಳ್ಳ ಅನ್ನೋ ಪದದೊಳಗಿನ ಆ ಳ್ಳದಲ್ಲಿ."

ಎಲ್ಲರೂ ಬಾಗಿಲ ಕಡೆ ನೋಡಿದರು. ಆಮೇಲೆ ಆ ಪಟ್ಟಿ ಬರೆದವಳು ಕೂತಿದ್ದ ಮೂಲೆಯ ಕಡೆ.

"ಅಕ್ಕನಾ?" ಗಾಯಕಿ ನಕ್ಕುಬಿಟ್ಟಳು. "ಸರ್, ಅಕ್ಕನಿಗೆ ದನಿಯೇ ಇಲ್ಲ!"

"ಇವತ್ತು ಇಲ್ಲ."

ಗುಂಡಿಮಾಮ ನಿಟ್ಟುಸಿರು ಬಿಟ್ಟು ಮೇಜಿನ ಡ್ರಾಯರು ಎಳೆದರು. ಹಳದಿಗಟ್ಟಿದ ಕ್ಯಾಸೆಟ್. ಅದರ ಮೇಲೆ ಅದೇ ದುಂಡನೆಯ ಅಕ್ಷರ. "ಇಪ್ಪತ್ತೆರಡನೇ ವಯಸ್ಸಲ್ಲಿ ಹಾಡಿಟ್ಟಿದ್ದು. ತಂಬೂರಿ ಇಲ್ಲ, ಪಿಯಾನೊ ಇಲ್ಲ, ಬರೀ ದನಿ. ಕತ್ತರಿಸಿ ಕೂರಿಸೋಕೆ ಅರ್ಧ ಗಂಟೆ ಹಿಡೀತು. ಯಾರಿಗೂ ಹೇಳಬೇಡಿ ಅಂತ ಆಯಮ್ಮ ಕೈ ಹಿಡ್ಕೊಂಡ್ರು. ನಾನೇನು ಮಾಡ್ಲಿ?"

"ಯಾಕಕ್ಕ?" ಗಾಯಕಿ ಎದ್ದಳು. "ನನ್ನ ಹಾಡಲ್ಲಿ ನಿನ್ನ ದನಿ ಯಾಕೆ? ನಂಗೆ ಒಂದು ಮಾತು ಹೇಳಿದ್ರೆ ಮತ್ತೆ ಹಾಡ್ತಿರ್ಲಿಲ್ವಾ? ಹನ್ನೊಂದಲ್ಲ, ನೂರ ಹನ್ನೊಂದು ಸಲ ಹಾಡ್ತಿದ್ದೆ!"

ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು. ಬಿಗಿ ಮಾಡುವುದು, ಸಡಿಲ ಮಾಡುವುದು.

"ಅವತ್ತು ನಿನ್ನ ದನಿ ಒಡೆದದ್ದು ಕೇಳಿದೆ ಪುಟ್ಟಿ. ನಂದೂ ಹಾಗೇ ಶುರುವಾಗಿದ್ದು. ಅದೇ ಸ್ವರ."

"ಅದು ನೆಗಡಿ."

"ನೆಗಡಿ ಅಂತ ತೋರಿಸಿದ್ವಲ್ಲ, ಆ ಡಾಕ್ಟರ ರಿಪೋರ್ಟು ನನ್ನ ಕೈಗೆ ಬಂತು." ಅಕ್ಕನ ಗಾಳಿಮಾತು ಇನ್ನೂ ತೆಳ್ಳಗಾಯಿತು. "ನೆಗಡಿ ಅಲ್ಲ."

ಗಾಯಕಿಯ ಕೈ ತಾನಾಗಿಯೇ ಗಂಟಲಿಗೆ ಹೋಯಿತು.

"ಗಂಟಾ?"

ಅಕ್ಕ ತಲೆಯಾಡಿಸಿದಳು. "ತೆಗೀಬೇಕಂತೆ. ಆಮೇಲೆ ದನಿ ಇರತ್ತೋ ಇಲ್ವೋ ಹೇಳಲ್ಲ ಅಂದ್ರು. ಆಲ್ಬಮ್ ಒಂದು ಮುಗೀಲಿ, ಆಮೇಲೆ ಹೇಳೋಣ ಅಂತ... ಎರಡು ತಿಂಗಳಿಂದ ದಿನಾ ಬೆಳಗ್ಗೆ ಹೇಳ್ಬೇಕು ಅಂತ ಏಳ್ತೀನಿ. ಬಿಸಿನೀರು ಕಾಯಿಸಿ ತರ್ತೀನಿ."

ಪತ್ತೇದಾರ ನೆಲ ನೋಡುತ್ತಿದ್ದ. ಇದು ಆತ ಪತ್ತೆ ಹಚ್ಚಲು ಬಂದದ್ದಲ್ಲ.

"ಆ ನಾಲ್ಕು ಸೆಕೆಂಡು ತೆಗೀರಿ ಮಾಮ," ಎಂದಳು ಗಾಯಕಿ.

"ತೆಗೆದ್ರೆ ಅಲ್ಲಿ ತೂತು. ನಿನ್ನ ಹನ್ನೊಂದೂ ಇಟ್ಟಿದ್ದೀನಮ್ಮ. ಹನ್ನೊಂದೂ ಒಡೆದಿವೆ."

"ಈಗ ಹಾಡ್ತೀನಿ."

ಯಾರೂ ತಡೆಯಲಿಲ್ಲ. ಅವಳು ಮೈಕಿನ ಮುಂದೆ ಹೋಗಿ ನಿಂತಳು. ಉಸಿರು ತುಂಬಿಕೊಂಡಳು. ಸ್ವರ ಅರ್ಧ ಏರಿತು. ಅಲ್ಲಿ ಒಡೆಯಿತು. ಮತ್ತೆ ಏರಿತು. ಅದೇ ಜಾಗದಲ್ಲಿ ಒಡೆಯಿತು. ಮೂರನೆಯ ಸಲ ಏರಲೇ ಇಲ್ಲ. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

"ಹಾಗಾದ್ರೆ ನಿನ್ನ ಹೆಸರು ಹಾಕ್ತೀನಿ," ಎಂದಳು ಗಾಯಕಿ ಹೊರಗೆ ಬಂದು. ದನಿ ಗೊಗ್ಗರಾಗಿತ್ತು.

"ಬೇಡ. ನನ್ನ ಹೆಸರು ಹಾಕಿದ್ರೆ ಯಾಕೆ ಅಂತ ಕೇಳ್ತಾರೆ. ಯಾಕೆ ಅಂತ ಹೇಳಿದ್ರೆ, ಮೊದಲನೇ ಆಲ್ಬಮ್ಮನ್ನೇ ಕೊನೇ ಆಲ್ಬಮ್ ಅಂತ ಬರೀತಾರೆ. ಕಾರ್ಯಕ್ರಮಕ್ಕೆ ಕರೆದೋರೆಲ್ಲ ಬೇಡ ಅಂತಾರೆ. ದನಿ ಹೋಗೋಕೆ ಮುಂಚೆನೇ ಜನ ಹೋಗ್ತಾರೆ ಪುಟ್ಟಿ. ನಾನು ನೋಡಿದ್ದೀನಿ."

ಫೋನ್ ರಿಂಗಾಯಿತು. ಗಾಯಕಿ ಎತ್ತಿಕೊಂಡಳು. ನಾಲ್ಕಕ್ಕೆ ಹತ್ತು ನಿಮಿಷ. ಅಚ್ಚಿನವನು.

"ಯಂತ್ರ ಬಿಸಿಯಾಗಿದೆ ಮೇಡಂ. ಹೊದಿಕೇಲಿ ಏನಾದ್ರೂ ಬದಲಾವಣೆ ಇದೆಯಾ?"

"ಬೆನ್ನಿನ ಮೇಲಿರೋ ಆ ಸಾಲು — ಪ್ರತಿಯೊಂದು ಸ್ವರವೂ ನನ್ನದೇ — ಅದನ್ನ ತೆಗೀರಿ."

"ಆಯ್ತು. ಇನ್ನೊಂದು. ನಿಮ್ಮ ಭಾಷೆ ಮೇಡಂ ಫೋನ್ ಮಾಡಿದ್ರು, ಏಳನೇ ಹಾಡಲ್ಲಿ ಅಕ್ಷರ ತಪ್ಪಿದೆ, ಳ ತೆಗೆದು ಲ ಮಾಡಿ ಅಂತ. ಮಾಡ್ಲಾ?"

ಭಾಷೆಯ ಮೇಡಂ ಅಲ್ಲೇ ನಿಂತಿದ್ದರು. ಜೀವನದಲ್ಲಿ ಮೊದಲ ಸಲ ಒಂದು ತಪ್ಪಿನ ಬಗ್ಗೆ ಏನೂ ಹೇಳದೆ, ಸೆರಗಿನ ಅಂಚು ನೋಡುತ್ತ ನಿಂತಿದ್ದರು.

ಗಾಯಕಿ ಮೂಲೆಯ ಕಡೆ ನೋಡಿದಳು. ಅಕ್ಕ ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು. ಹಬೆ ಏಳುತ್ತಿತ್ತು.

"ಬೇಡ. ಹಾಗೇ ಇರ್ಲಿ."

"ತಪ್ಪಲ್ವಾ ಅದು? ನೋಡಿದೋರು ನಗಲ್ವಾ?"

"ನಗ್ಲಿ. ಇಡೀ ಪಟ್ಟೀಲಿ ಅದೊಂದೇ ಸರಿಯಾಗಿರೋದು."

"ಏನಂದ್ರಿ? ದನಿ ಸರಿಯಾಗಿ ಕೇಳಿಸ್ತಿಲ್ಲ. ಬರೀ ಗಾಳಿ." ಅಚ್ಚಿನವನು ಒಂದು ಗಳಿಗೆ ತಡೆದು, ಗುರುತು ಸಿಕ್ಕಿದವನಂತೆ ಕೇಳಿದ. "ಓ — ಮಾತಾಡ್ತಿರೋದು ಅಕ್ಕನವರಾ?"

ಗಾಯಕಿ ಬಾಯಿ ತೆರೆದಳು. 'ಇದು ನಾನಲ್ಲ' ಎಂದು ಬೆಳಗ್ಗೆ ಹೇಳಿದ್ದ ಮಾತೇ ನಾಲಿಗೆಯ ತುದಿಗೆ ಬಂತು. ಈ ಸಲ ಅದನ್ನು ಹೇಳಲು ಧೈರ್ಯವಾಗಲಿಲ್ಲ.

"ಹೌದು," ಎಂದಳು.