ಲಿಮಿಟ್ ಕಲಿಸಲ್ಲ ಅಂದ ಮೇಷ್ಟ್ರು

"ಸೊನ್ನೆನ ಸೊನ್ನೆಯಿಂದ ಭಾಗಿಸಿದ್ರೆ ಒಂದು ಅಂತ ಯಾರ್ರೀ ನಿಮಗೆ ಹೇಳಿದ್ದು?"

ಮೇಷ್ಟ್ರ ಕೆಂಪು ಪೆನ್ನು ಹಾಳೆ ಹರಿಯುವ ಹಾಗೆ ಗೀರಿತು. ಅವಳಿಗೆ ಮೈಯೆಲ್ಲ ಉರಿದುಹೋಯಿತು!

ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ, ಸಂಜೆ ಮನೆಗೆ ಬಂದು, ಪಾಠ ಹೇಳಲು ಬರುವ ಅಣ್ಣನ ಗೆಳೆಯ ಈ ಮೇಷ್ಟ್ರಿಂದ ಬೈಸಿಕೊಳ್ಳುವ ಕರ್ಮ ಯಾರಿಗೆ ಬೇಕು! ಆದರೆ ಗಣಿತ ಪಾಸಾಗದೆ ಕಣ್ಣು ಪರೀಕ್ಷೆ ಮಾಡುವ ಕೋರ್ಸಿಗೆ ಸೀಟಿಲ್ಲ. ಆಗಲೇ ಒಂದು ಸಲ ಡುಮ್ಕಿ ಹೊಡೆದಾಗಿದೆ. ಸೋಮವಾರದ ಮರುಪರೀಕ್ಷೆಯೇ ಕೊನೆಯ ಅವಕಾಶ.

"ಇದು ಲಿಮಿಟ್ ಲೆಕ್ಕ ರೀ. ಎಕ್ಸ್ ಮೂರರ ಹತ್ತಿರ ಹೋಗುತ್ತೆ, ಮೂರು ಆಗಲ್ಲ. ಮೇಲಿರೋ ಎಕ್ಸ್ ವರ್ಗ ಮೈನಸ್ ಒಂಬತ್ತನ್ನ ಬಿಡಿಸಿ, ಎಕ್ಸ್ ಮೈನಸ್ ಮೂರು ಇಂಟು ಎಕ್ಸ್ ಪ್ಲಸ್ ಮೂರು. ಮೇಲೂ ಕೆಳಗೂ ಇರೋ ಎಕ್ಸ್ ಮೈನಸ್ ಮೂರನ್ನ ಹೊಡೆದುಹಾಕಿ. ಎಕ್ಸ್ ಪ್ಲಸ್ ಮೂರು ಉಳೀತು. ಈಗ ಮೂರು ಹಾಕಿ, ಆರು!"

"ಈಗ ತಾನೇ ಮೂರು ಆಗಲ್ಲ ಅಂದ್ರಿ... ಈಗ ಮೂರು ಹಾಕಿ ಅಂತೀರಾ! ನಿಮಗೆಷ್ಟು ನಾಲಿಗೆ ಮೇಷ್ಟ್ರೇ?"

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. "ಇವತ್ತಿಗೆ ಸಾಕು" ಎಂದು ಎದ್ದೇಬಿಟ್ಟರು.

ಬಾಗಿಲಲ್ಲಿ ಅವರು ಅಣ್ಣನಿಗೆ ಹೇಳಿದ್ದು ಅವಳಿಗೆ ಕೇಳಿಸಿತು. "ನಿನ್ನ ತಂಗಿಗೆ ಇನ್ಮೇಲೆ ನಾನು ಹೇಳಿಕೊಡಲ್ಲ ಕಣೋ. ಬೇರೆ ಯಾರನ್ನಾದ್ರೂ ನೋಡ್ಕೊ."

'ಅಷ್ಟೊಂದು ದಡ್ಡಿನಾ ನಾನು?' ಕಣ್ಣು ತುಂಬಿತು. ಇವರು ಕೈಬಿಟ್ಟರೆ ಇಷ್ಟು ನೋವು ಯಾಕಾಗಬೇಕು ಎಂದು ತನ್ನ ಮೇಲೇ ರೇಗಿತು.

ಮಾರನೆಯ ಮಧ್ಯಾಹ್ನ ಊಟ ಬಿಟ್ಟು ನೇರ ಅವರ ಟ್ಯೂಷನ್ ಕೋಣೆಗೆ ನುಗ್ಗಿದಳು. ಅವರೊಬ್ಬರೇ ಬೋರ್ಡು ಒರೆಸುತ್ತಿದ್ದರು.

"ನಡುನೀರಲ್ಲಿ ಕೈ ಬಿಡ್ತೀರಲ್ಲ! ದಡ್ಡಿ ಅಂತ ಮುಖಕ್ಕೇ ಹೇಳಬಹುದಿತ್ತು!"

"ದಡ್ಡಿನಾ? ನಿನ್ನೆ ನೀವು ಕೇಳಿದ್ದನ್ನ ನನ್ನ ಕ್ಲಾಸಲ್ಲಿ ಇವತ್ತಿನವರೆಗೂ ಯಾರೂ ಕೇಳಿಲ್ಲ ರೀ!"

"ಮತ್ಯಾಕೆ ಓಡಿದ್ರಿ?"

"ನೀವು ಸಿಟ್ಟಲ್ಲಿ ನೋಡ್ತಿದ್ರಿ... ಉತ್ತರವೇ ಮರೆತುಹೋಯ್ತು." ಅವರ ದನಿ ತಗ್ಗಿತು. "ನಿಮ್ಮನ್ನ ಕಂಡ್ರೆ ನನಗಿಷ್ಟ. ಮೇಷ್ಟ್ರಾಗಿ ಕೂತು ಅದನ್ನ ಹೇಳಬಾರದು. ಅದಕ್ಕೇ ಬಿಟ್ಟೆ."

ಅವಳ ಕೆನ್ನೆ ಬಿಸಿಯಾಯಿತು. ಸಂತೋಷವೋ ಸಿಟ್ಟೋ ತಿಳಿಯಲಿಲ್ಲ!

"ಅಯ್ಯೋ ದೇವರೇ! ಇದನ್ನ ಹೇಳೋಕೆ ಪರೀಕ್ಷೆ ಹಿಂದಿನ ವಾರವೇ ಮುಹೂರ್ತ ಸಿಕ್ತಾ?"

"ತಪ್ಪಾಯ್ತು..."

"ತಪ್ಪು ಆಮೇಲೆ ಒಪ್ಕೊಳ್ಳಿ. ಮೊದಲು ಉತ್ತರ ಹೇಳಿ!"

ಅವರು ಸೀಮೆಸುಣ್ಣ ಹಿಡಿದರು. "ಮೂರರಲ್ಲಿ ಏನಾಗುತ್ತೆ ಅಂತ ನಾವು ಕೇಳ್ತಾನೇ ಇಲ್ಲ. ಹತ್ತಿರ ಹೋದ ಹಾಗೆ ಲೆಕ್ಕ ಯಾವ ಸಂಖ್ಯೆ ಕಡೆ ಹೋಗುತ್ತೆ ಅನ್ನೋದಷ್ಟೇ ಪ್ರಶ್ನೆ. 2.9 ಹಾಕಿದ್ರೆ 5.9. 2.99 ಹಾಕಿದ್ರೆ?"

"5.99... ಆ ಕಡೆಯಿಂದ 3.01 ಹಾಕಿದ್ರೆ 6.01! ಎರಡೂ ಆರಕ್ಕೇ ಹೋಗ್ತಿವೆ!"

"ಹೂಂ. ಎಕ್ಸ್ ಪ್ಲಸ್ ಮೂರಕ್ಕೆ ಮೂರರಲ್ಲೂ ಯಾವ ತಕರಾರೂ ಇಲ್ಲ, ಸೊನ್ನೆಯಿಂದ ಭಾಗಿಸೋದು ಬರಲ್ಲ. ಹಾಗಾಗಿ ಮೂರು ಹಾಕಿದ್ರೂ ಅದೇ ಆರು ಸಿಗುತ್ತೆ."

"ಇಷ್ಟನ್ನ ನಿನ್ನೆ ಹೇಳೋಕೆ ಏನು ದಾಡಿ ನಿಮಗೆ! ಸಂಜೆ ಮನೆಗೆ ಬನ್ನಿ. ಪಾಸಾಗೋವರೆಗೂ ನೀವು ಬರೀ ಮೇಷ್ಟ್ರು, ತಿಳೀತಾ?"

ಅವರು ಮಾತು ಉಳಿಸಿಕೊಂಡರು. ಪರೀಕ್ಷೆ ಮುಗಿಯುವವರೆಗೂ ಲಿಮಿಟ್ ಬಿಟ್ಟು ಬೇರೆ ಚಕಾರವೆತ್ತಲಿಲ್ಲ.

ಫಲಿತಾಂಶದ ದಿನ ಅವಳು ಏದುಸಿರು ಬಿಡುತ್ತಾ ಟ್ಯೂಷನ್ ಕೋಣೆಗೆ ಓಡಿಬಂದಳು. "ಪಾಸು! ಸೀಟು ಸಿಗುತ್ತೆ!"

ಮೇಷ್ಟ್ರ ಮುಖ ಅರಳಿತು. "ಮಾರ್ಕ್ಸ್ ಎಲ್ಲೆಲ್ಲಿ ಹೋಯ್ತು?"

"ಅಯ್ಯೋ ನನ್ನ ಕರ್ಮವೇ! ಮೇಷ್ಟ್ರುಗಿರಿ ಮುಗೀತು ರೀ... ಆ ಇನ್ನೊಂದು ಮಾತು ಹೇಳಿ!"

ಅವರು ತಡವರಿಸಿದರು. "ಅಂದ್ರೆ... ನಿಮ್ಮಣ್ಣನ ಹತ್ರ ಬಂದು ಕೇಳ್ಲಾ?"

"ನೀವು ಬಾಯಿ ಬಿಡೋದನ್ನ ಕಾಯ್ತಾ ಕೂತಿದ್ರೆ ಆಗಿತ್ತು ಕಥೆ! ಅಣ್ಣಂಗೆ ನಾನೇ ಹೇಳಿ ಬಂದಿದೀನಿ."