ಆಚೆ ದಡದ ಮಾತು

"ನಮ್ಮಮ್ಮ ಗೂಢಚಾರಿಣಿನಾ? ಹೇಳು, ಪೋ-ಲಿನ್!"

ಸು-ಯಿನ್ ಕೂಗು ತೈವಾನಿನ ತೈನಾನ್ ನಗರಸಭೆಯ ಸಭಾಂಗಣದ ತುಂಬ ಕೇಳಿಸಿತು. ಮೈಕಿನ ಮುಂದೆ ನಿಂತಿದ್ದ ಪೋ-ಲಿನ್ ಅವಳು ಮದುವೆಯಾಗಬೇಕೆಂದಿದ್ದ ಹುಡುಗ. ಚೀನಾದಿಂದ ಬರುವ ಸುಳ್ಳುಪ್ರಚಾರವನ್ನು ಪತ್ತೆಹಚ್ಚುವ ಗುಂಪಿನವನು. ಅಂಥ ಗುಂಪುಗಳ ಜೊತೆ ಸರ್ಕಾರ ಕೈಜೋಡಿಸಬೇಕೇ, ಬೇಡವೇ? ಇಂದಿನ ಚರ್ಚೆ ಅದೇ.

ಅಮ್ಮ ಸಮುದ್ರದ ಆಚೆ ದಡದ ಚೀನಾದಲ್ಲಿ ಹುಟ್ಟಿ, ಈ ದ್ವೀಪಕ್ಕೆ ಸೊಸೆಯಾಗಿ ಬಂದವಳು. ಬೆಳಗಿನ ತಿಂಡಿ ಅಂಗಡಿಯವಳು. ಒಮ್ಮೆ ಯಾವುದೋ ಅಡ್ಡಹೆಸರಿನಲ್ಲಿ, ಆಲೂಗಡ್ಡೆಯ ಚಿತ್ರ ಹಾಕಿ ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆದಳು: 'ತೂದೋ ದುಬಾರಿಯಾಗಿದೆ, ಸರ್ಕಾರ ನಿದ್ದೆ ಮಾಡ್ತಿದೆ.'

ತೈವಾನಿನಲ್ಲಿ ತೂದೋ ಅಂದರೆ ಶೇಂಗಾ. ಆಲೂಗಡ್ಡೆಗೆ ಹಾಗೆನ್ನುವವರು ಆಚೆಯವರು!

ಅಷ್ಟೇ... ಗುಂಪು 'ವಿದೇಶಿ ಖಾತೆ' ಎಂದು ಗುರುತು ಹಾಕಿ ಸರ್ಕಾರಕ್ಕೆ ತಿಳಿಸಿತು. ಅಧಿಕಾರಿಗಳು ಅಂಗಡಿಗೇ ಬಂದು ವಿಚಾರಿಸಿದರು. ಅಂದಿನಿಂದ ಅಮ್ಮ ಮಾತು ಬಿಟ್ಟಳು. ಸಂತೆಯಲ್ಲಿ ಬೆರಳು ತೋರಿಸಿ ಸೊಪ್ಪು ಕೊಳ್ಳುತ್ತಾಳೆ. ಮಾಜು ದೇವಿಯ ಮುಂದೆ ಊದುಬತ್ತಿ ಹಿಡಿದಾಗಲೂ ತುಟಿ ಅಲುಗದು.

ಪೋ-ಲಿನ್ ಕೂಡ ಅವರ ಮನೆ ಕಡೆ ಸುಳಿದಿರಲಿಲ್ಲ. 'ಅಮ್ಮನದು ಅಂತ ಗೊತ್ತಿದ್ದೇ ಮಾಡಿದನಲ್ಲ...' ಎಂದು ಸು-ಯಿನ್ ಎದೆ ಸುಡುತ್ತಿತ್ತು.

ಆ ಸುದ್ದಿ ಗೊತ್ತಿದ್ದ ಒಬ್ಬ ಅಜ್ಜ ಹಿಂದಿನ ಸಾಲಿನಿಂದ ಕೂಗಿದ, "ಆಲೂಗಡ್ಡೆಗೆ ತೂದೋ ಅಂದೋರೆಲ್ಲ ಗೂಢಚಾರರಾದ್ರೆ ನನ್ನ ಹೆಂಡ್ತೀನೂ ಕರ್ಕೊಂಡೋಗ್ರಪ್ಪಾ!"

ಸಭೆ ನಕ್ಕಿತು. ಅವಳ ಕಣ್ಣು ತುಂಬಿತು.

"ಗುರುತು ಹಾಕಿದ್ದು ನಾನೇ," ಪೋ-ಲಿನ್ ಮೈಕಿನಲ್ಲೇ ಹೇಳಿದ. "ಅದು ನಿಮ್ಮಮ್ಮ ಬರೆದಿದ್ದು ಅಂತ ಆಮೇಲೆ ಗೊತ್ತಾಯ್ತು. ಮುಖ ತೋರಿಸೋಕಾಗ್ದೆ ತಲೆ ತಪ್ಪಿಸ್ಕೊಂಡೆ... ಆ ಕಡೆಯಿಂದ ಸುಳ್ಳು ಬರೋದು ನಿಜ. ಹುಡುಕಲೇಬೇಕು. ಆದ್ರೆ ನಮ್ಮ ಅನುಮಾನ ಹಿಡ್ಕೊಂಡು ಸರ್ಕಾರ ಒಬ್ಬರ ಬಾಗಿಲು ತಟ್ಟಬಾರದು. ಸರ್ಕಾರದ ಜೊತೆ ಈ ಒಪ್ಪಂದ ಬೇಡ."

"ನಿನ್ನ ಕೆಲಸಾನೇ ಹೋಗತ್ತಲ್ಲಪ್ಪಾ!" ಎಂದರು ಅಧ್ಯಕ್ಷರು.

"ಹೋಗ್ಲಿ ಸಾರ್."

ಹೊರಗೆ ಮೆಟ್ಟಿಲ ಮೇಲೆ ಅವನು ಅವಳನ್ನು ಹಿಂಬಾಲಿಸಿ ಬಂದ.

"ಒಂದು ಸಲ ಬಂದು 'ತಪ್ಪಾಯ್ತು' ಅನ್ಬಾರ್ದಿತ್ತಾ?" ಅವಳು ಬಿಕ್ಕಿದಳು. "ನಾನು ಕಾದೆ ಕಣೋ... ಈಗ ನಿನ್ನ ಮಾತಿಂದ ಅಮ್ಮನ ಮಾತು ವಾಪಸ್ ಬರತ್ತಾ?"

"ಇಲ್ಲ..." ಅವನು ತಲೆ ತಗ್ಗಿಸಿದ. "ನಾನೇನು ಮಾಡ್ಲಿ, ಸು-ಯಿನ್?"

'ಇವನನ್ನು ಹೇಗೆ ದ್ವೇಷಿಸಲಿ?' ಅವಳು ಬರಿಗೈಯಿಂದಲೇ ಕಣ್ಣೊರೆಸಿಕೊಂಡಳು.

"ಮನೆಗೆ ಬಾ. ಅಮ್ಮನೆದುರು ಕೂತ್ಕೋ. ಬಾಯಿಗೆ ಬಂದ ಹಾಗೆ ಬೈಯಲಿ. ಬೈಯೋಕಾದ್ರೂ ಅಮ್ಮ ಬಾಯಿ ತೆಗೀಲಿ..."

"ತೆಗೀದಿದ್ರೆ?"

"ನಾಳೆನೂ ಬಾ."